ಹೆಸರು ಬೇಡ ಅಂದೋರು

ಸಂಪಾದಕರಿಗೆ ನಮಸ್ಕಾರ,

ಕಿತ್ತಳೆ ಮಾರಿ ಕೂಡಿಟ್ಟ ದುಡ್ಡಲ್ಲಿ ತಮ್ಮೂರಿಗೆ ಶಾಲೆ ತಂದ ಹರೇಕಳ ಹಾಜಬ್ಬ ಅವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆ ಆದಾಗ ನಾವೆಲ್ಲ ಖುಷಿಪಟ್ವಿ. ಅಂಥ ಮನಸ್ಸಿನವ್ರು ನಮ್ಮ ದಾವಣಗೆರೆಯಲ್ಲೂ ಅದಾರೆ, ಪೇಪರ್‌ನಲ್ಲಿ ಬರಲ್ಲ ಅಷ್ಟೆ.

ನಮ್ಮ ಏರಿಯಾದಲ್ಲಿ ಮಂಡಕ್ಕಿ ಭಟ್ಟಿ ಕೆಲಸಕ್ಕೆ ಹೋಗೋರ ಮಗಳೊಬ್ಳು ಪಿಯುಸಿ ಸೈನ್ಸ್ ಓದ್ತಿದ್ಲು, ಫೀಸ್ ಬಾಕಿ ಅಂತ ಕಾಲೇಜ್ ಬಿಡೋ ಮಾತಾಡ್ತಿದ್ಲು, ಒಂದಿನ ಆಫೀಸಿಗೆ ಹೋದ್ರೆ "ನಿಂದು ಕಟ್ಟಾಗೈತಲ್ಲಮ್ಮ" ಅಂದು ರಶೀದಿ ಕೈಗಿಟ್ರಂತೆ. ಕಟ್ಟಿದೋರು ಎಪಿಎಂಸಿಯಲ್ಲಿ ಮೂಟೆ ಹೊರೋ ಒಬ್ಬ ಹಮಾಲಿ, ಆ ಹುಡುಗಿ ಮುಖನೂ ನೋಡಿಲ್ಲ ಅವ್ರು! ಇದನ್ನ ಪೇಪರಿಗೆ ಬರೀತೀನಿ ಅಂದಿದ್ದಕ್ಕೆ, "ಬರೀರಿ, ನನ್ ಹೆಸ್ರು ಮಾತ್ರ ಹಾಕ್ಬೇಡ್ರಿ, ಆ ಕೂಸಿಗೆ ಋಣ ಅನ್ನಿಸ್‌ಬಾರ್ದು" ಅಂದ್ರು.

ಈ ಮಾತು ದಾನ ಮಾಡೋ ನಾವೆಲ್ಲ ಕೇಳಿಸ್ಕೋಬೇಕು. ನಾಕು ನೋಟ್‌ಬುಕ್ ಕೊಟ್ಟು, ಮಕ್ಕಳನ್ನ ಸಾಲಾಗಿ ನಿಲ್ಸಿ ಫೋಟೋ ತೆಗಿಸಿ ಸ್ಟೇಟಸ್‌ಗೆ ಹಾಕೋದು ದಯವಿಟ್ಟು ಬಿಡೋಣ, ಆ ಮಕ್ಕಳು ನಾಳೆ ಅದೇ ಕ್ಲಾಸಲ್ಲಿ ಕೂರ್ಬೇಕು.

ಎಷ್ಟೋ ಮಕ್ಕಳ ಓದು ನಿಲ್ಲೋದು ಲಕ್ಷಗಟ್ಟಲೆ ದುಡ್ಡಿಗಲ್ಲ, ಬಸ್ ಪಾಸು, ಎಕ್ಸಾಮ್ ಫೀಸು, ಸಿಇಟಿ ಅರ್ಜಿ ಇಂಥವಕ್ಕೇನೇ. ಸ್ಕಾಲರ್‌ಶಿಪ್ ಬರತ್ತೆ ನಿಜ, ಆದ್ರೆ ಬರೋಷ್ಟೊತ್ತಿಗೆ ಫೀಸ್ ಕಟ್ಟೋ ಡೇಟ್ ಮುಗಿದಿರತ್ತೆ. ಮನೇಲಿ ಹಳೇ ಪಿಯುಸಿ ಬುಕ್ಸ್ ಇದ್ರೆ ರದ್ದಿಗೆ ಹಾಕ್ದೆ ಹತ್ತಿರದ ಸರ್ಕಾರಿ ಕಾಲೇಜಿನ ಲೆಕ್ಚರರ್ ಕೈಗೆ ಕೊಡಿ, ಯಾರಿಗೆ ಬೇಕು ಅಂತ ಅವ್ರಿಗೆ ಗೊತ್ತಿರತ್ತೆ.

– ಒಬ್ಬ ಓದುಗ, ದಾವಣಗೆರೆ