ಒಂದು ಬಿಂದಿಗೆ ನೀರು

ಕ್ಯಾತಸಂದ್ರ, ತುಮಕೂರು
ಶಿವರಾತ್ರಿಯ ಮಾರನೇ ದಿನ

ಚಿ. ಚೈತ್ರಳಿಗೆ ಅತ್ತೆಯ ಆಶೀರ್ವಾದ.

ಬೆಂಗಳೂರು ಬಿಟ್ಟು ಬೆಟ್ಟದ ಬುಡದ ಯಾವುದಾದರೂ ಹಳ್ಳಿಯಲ್ಲಿ ಒಬ್ಬಳೇ ಮನೆ ಮಾಡಿಕೊಂಡು ಇರಬೇಕು ಅಂತ ನೀನು ಬರೆದ ಕಾಗದ ಬಂದು ವಾರವಾಯಿತು. ಕೆಲಸದ್ದು, ಬೆಂಗಳೂರಿನ ಬಾಡಿಗೆಯದ್ದು, ನಿಮ್ಮಪ್ಪನ ಸಿಟ್ಟಿನದ್ದು ಇದ್ಯಾವುದಕ್ಕೂ ನಾನೀಗ ಉತ್ತರ ಬರೆಯುತ್ತಿಲ್ಲ, ಅವೆಲ್ಲ ನಮ್ಮ ಮನೆಯಲ್ಲಿ ಆಡಿ ಮುಗಿದ ಮಾತು. ಕೊನೇ ಪುಟದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು ಸೇರಿಸಿದ್ದೀಯಲ್ಲ, "ಜಾಗವೇನೋ ಸಿಗುತ್ತೆ ಅತ್ತೆ, ಆದರೆ ನೀರು ನಿಂತ ದಿನ ಹೊರಗಿನವಳಾದ ನನಗೆ ಆ ಊರಲ್ಲಿ ಯಾರಾದರೂ ಒಂದು ಬಿಂದಿಗೆ ಕೊಡ್ತಾರಾ?" ಅಂತ. ಅದು ನನ್ನನ್ನು ಬಿಡುತ್ತಿಲ್ಲ. ರಾತ್ರಿ ಎಚ್ಚರವಾದಾಗಲೂ ಅದೇ ನೆನಪಾಗುತ್ತೆ.

"ಕೊಡ್ತಾರೆ, ಹೆದರಬೇಡ" ಅಂತ ಎರಡು ಸಾಲು ಬರೆದು ಹಾಕಬಹುದಿತ್ತು. ಕೈ ಬರಲಿಲ್ಲ.

ನೀನು ಪಟ್ಟಿ ಮಾಡಿದ ಜಾಗಗಳಲ್ಲಿ ನಂದಿಬೆಟ್ಟದ ಕಡೆಯದ್ದನ್ನು ಬಿಟ್ಟುಬಿಡು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಆ ಸುತ್ತಿನ ನೆಲ ನಮ್ಮಂಥವರ ಕೈಗೆ ಸಿಗುವ ಮಾತಲ್ಲ. ದೇವರಾಯನದುರ್ಗದ ಬುಡ, ಊರ್ಡಿಗೆರೆ ಕಡೆ ಯಾಕೆ ಇಷ್ಟವಾಯಿತು ಅಂತ ನನಗೆ ಗೊತ್ತು. ಕಾಡಿದೆ, ನಾಮದ ಚಿಲುಮೆ ಇದೆ, ಜಯಮಂಗಲಿ ಹುಟ್ಟುವ ಬೆಟ್ಟ ಅದು. ಬೆಳಗ್ಗೆ ಎದ್ದು ಬಾಗಿಲು ತೆರೆದರೆ ಬೆಟ್ಟ ಕಾಣಬೇಕು ಅಂತ ಬರೆದಿದ್ದೀಯ, ಕಾಣುತ್ತೆ. ಆದರೆ ಮೇಲೆ ಹಸಿರಿದೆ ಅಂತ ಕೆಳಗೆ ನೀರಿದೆ ಅಂದುಕೊಳ್ಳಬೇಡ ಕಣಮ್ಮ. ನಮ್ಮ ಕಡೆಯ ನೆಲ ಗಟ್ಟಿ ಬಂಡೆ. ನೀರು ನಿಂತಿರೋದು ಆ ಬಂಡೆಯ ಬಿರುಕುಗಳಲ್ಲಿ. ಒಬ್ಬರ ಹೊಲದಲ್ಲಿ ಮುನ್ನೂರು ಅಡಿಗೆ ಸಿಕ್ಕಿದ್ದು ಪಕ್ಕದ ಹೊಲದಲ್ಲಿ ಸಾವಿರ ಅಡಿ ಕೊರೆಸಿದರೂ ಸಿಗದೆ ಬರೀ ಧೂಳು ಎದ್ದಿರುತ್ತೆ. ಈ ಸಲ ಬಂದ ನೀರು ಮೂರು ಬೇಸಿಗೆ ಆದ ಮೇಲೂ ಇರುತ್ತೆ ಅಂತ ಯಾರೂ ಬರೆದುಕೊಡಲ್ಲ. ಹಾಗಾಗಿ ನಿನ್ನ ಭಯಕ್ಕೆ ಕಾರಣವಿದೆ. ತುಮಕೂರು ಪಟ್ಟಣಕ್ಕಾದರೆ ಬುಗುಡನಹಳ್ಳಿ ಕೆರೆಗೆ ಹೇಮಾವತಿ ಬರುತ್ತೆ. ಹಳ್ಳಿಗಳ ಪಾಡು ಬೇರೆ.

ನಾನು ಪಾವಗಡ ಸೀಮೆಯಲ್ಲಿ ಟೀಚರಾಗಿದ್ದದ್ದು ನಿನಗೆ ಗೊತ್ತು. ಅಲ್ಲಿ ನೀರು ಹೇಗೆ ಸಿಗುತ್ತಿತ್ತು ಅಂತ ಮಾತ್ರ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಎಂಬತ್ತರ ದಶಕದ ಬರ. ನನಗೆ ತೆಲುಗು ಬರುತ್ತಿರಲಿಲ್ಲ, ಊರಿಗೆಲ್ಲ ತೆಲುಗೇ. ನಿನ್ನ ಹಾಗೆಯೇ ಒಬ್ಬಳೇ ಹೆಣ್ಣು, ಪೂರಾ ಹೊರಗಿನವಳು. ಇಡೀ ಊರಿಗೆ ನೀರು ಬರುತ್ತಿದ್ದ ಬೋರಿಂಗು ಒಂದೇ ಉಳಿದಿತ್ತು, ಅದಕ್ಕೂ ಹತ್ತು ಸಲ ಒತ್ತಿದರೆ ಒಂದು ಚೊಂಬು. ನಾನು ಬಿಂದಿಗೆ ಹಿಡಿದು ಹೋದರೆ ಸಾಲಿನಲ್ಲಿದ್ದ ಹೆಂಗಸರೆಲ್ಲ ಸರಿದು ಜಾಗ ಬಿಡುತ್ತಿದ್ದರು. ಟೀಚರಮ್ಮ ಬಂದರು ಅಂತ ಅವರೇ ಒತ್ತಿ ತುಂಬಿಸಿಕೊಡುತ್ತಿದ್ದರು. ಜ್ವರ ಬಂದು ಮಲಗಿದಾಗ ಬಾಗಿಲಿಗೇ ತಂದಿಟ್ಟರು. ಇಷ್ಟೇ ಆಗಿದ್ದರೆ ನಿನ್ನ ಪ್ರಶ್ನೆಗೆ ಧೈರ್ಯವಾಗಿ ಉತ್ತರ ಬರೆಯುತ್ತಿದ್ದೆ.

ದಲಿತರ ಕಾಲೋನಿಯ ಬೋರಿಂಗು ಅದಕ್ಕೆ ಮೊದಲೇ ಬತ್ತಿತ್ತು. ಅಲ್ಲಿನ ಹೆಂಗಸರು ಮಕ್ಕಳು ಈ ಬೋರಿಂಗಿಗೇ ಬರಬೇಕಾಯಿತು. ಬಂದವರು ದೂರದಲ್ಲಿ ನಿಲ್ಲಬೇಕು, ಹಿಡಿ ಮುಟ್ಟುವಂತಿಲ್ಲ, ಊರವರಿಗೆಲ್ಲ ಆದ ಮೇಲೆ ಯಾರಾದರೂ ಮನಸ್ಸು ಮಾಡಿ ಒತ್ತಿ ಮೇಲಿನಿಂದ ಹುಯ್ಯಬೇಕು. ನನ್ನ ಏಳನೇ ತರಗತಿಯ ಒಂದು ಹುಡುಗಿ ಹಾಗೆ ನಿಂತಿರುತ್ತಿದ್ದಳು. ಅವಳ ಕಣ್ಣೆದುರೇ ನನ್ನ ಬಿಂದಿಗೆ ಮೊದಲು ತುಂಬುತ್ತಿತ್ತು. ಮಾರನೇ ದಿನ ಅದೇ ಹುಡುಗಿಗೆ ನಾನು ಪಾಠ ಮಾಡಬೇಕಿತ್ತು, 1927ರಲ್ಲಿ ಮಹಾರಾಷ್ಟ್ರದ ಮಹಾಡದಲ್ಲಿ, ಅಸ್ಪೃಶ್ಯರಿಗೆ ಮುಟ್ಟಗೊಡದ ಚೌದಾರ್ ಕೆರೆಯಲ್ಲಿ ಅಂಬೇಡ್ಕರ್ ಅವರು ನೀರು ಕುಡಿದದ್ದು, ಅಸ್ಪೃಶ್ಯತೆ ನಿಷೇಧಿಸುವ ಸಂವಿಧಾನದ 17ನೇ ವಿಧಿ. ಬೋರ್ಡಿನ ಮೇಲೆ ದುಂಡಗೆ ಬರೆದು ಓದಿಸಿದೆ. ಅವಳು ಎದ್ದು ಒಂದು ಪ್ರಶ್ನೆ ಕೇಳಿದ್ದರೆ ನನ್ನಲ್ಲಿ ಉತ್ತರ ಇರಲಿಲ್ಲ. ಅವಳು ಕೇಳಲಿಲ್ಲ. ನೋಟ್ ಬುಕ್ಕಿಗೆ ಇಳಿಸಿಕೊಂಡಳು. ವರ್ಷ ಮುಗಿಯುವಷ್ಟರಲ್ಲಿ ನನಗೆ ವರ್ಗವಾಯಿತು. ಅವಳು ಹೈಸ್ಕೂಲಿಗೆ ಹೋದಳೋ ಇಲ್ಲವೋ ಗೊತ್ತಿಲ್ಲ. ಅವಳಿಗೀಗ ಐವತ್ತು ದಾಟಿರಬೇಕು.

ಇದನ್ನು ಈಗ ಯಾಕೆ ಬರೆದೆ ಅಂದರೆ, ಚೈತ್ರಾ, ನಿನಗೆ ಕೊಡ್ತಾರಾ ಅನ್ನೋದರ ಜೊತೆಗೆ ಅಲ್ಲಿ ಯಾರಿಗೆ ಕೊಡಲ್ಲ ಅನ್ನೋದನ್ನೂ ನೀನು ನೋಡಬೇಕು. ಜಾಗ ನೋಡಲು ಹೋದಾಗ ಬ್ರೋಕರ್ ಬೆಟ್ಟ ತೋರಿಸುತ್ತಾನೆ. ಆಮೇಲೆ ಅವನನ್ನು ಕಳಿಸಿ, ಸಂಜೆ ನೀರು ಬಿಡುವ ಹೊತ್ತಿಗೆ ನೀನೊಬ್ಬಳೇ ತೊಂಬೆಯ, ಅಂದರೆ ಊರವರು ನೀರು ಹಿಡಿಯುವ ಸಣ್ಣ ಟ್ಯಾಂಕಿನ ಹತ್ತಿರ ಹೋಗಿ ನಿಂತುಕೋ. ಯಾರು ಕೊನೆಯಲ್ಲಿ ಹಿಡಿಯುತ್ತಾರೆ, ಯಾರ ಬಿಂದಿಗೆಯನ್ನು ಪಕ್ಕಕ್ಕೆ ಸರಿಸುತ್ತಾರೆ ನೋಡು. ಈಗ ಮನೆಮನೆಗೆ ಗಂಗೆ ಅನ್ನೋ ಸರ್ಕಾರದ ಯೋಜನೆಯಲ್ಲಿ ನಲ್ಲಿ ಹಾಕಿದ್ದಾರೆ, ಒಬ್ಬರಿಗೆ ದಿನಕ್ಕೆ 55 ಲೀಟರ್ ಅನ್ನೋದು ಲೆಕ್ಕ. ಕಾಲೋನಿಯ ಕೊನೇ ಮನೆಯ ನಲ್ಲಿಯಲ್ಲಿ ಬೇಸಿಗೆಯಲ್ಲೂ ನೀರು ಬರುತ್ತಾ ಅಂತ ಅಲ್ಲಿಗೇ ಹೋಗಿ ಕೇಳು. ಊರಿಗೆ ನೀರು ಬಿಡುವ ನೀರುಗಂಟಿಯನ್ನು ಮಾತಾಡಿಸು, ಊರಿನ ಗುಟ್ಟೆಲ್ಲ ಅವನಿಗೆ ಗೊತ್ತಿರುತ್ತೆ. ಕೊನೇ ಮನೆಗೂ ನೀರು ಮುಟ್ಟುವ ಊರಾದರೆ ನಿನ್ನನ್ನು ಬಾಯಾರಿಸುವುದಿಲ್ಲ. ಮುಟ್ಟದ ಊರಲ್ಲೂ ನಿನಗೆ ಕೊಡಬಹುದು, ನನಗೆ ಕೊಟ್ಟ ಹಾಗೆ. ಹಾಗೆ ಸಿಕ್ಕ ನೀರು ನನಗೆ ಇವತ್ತಿಗೂ ಗಂಟಲಲ್ಲಿ ಇಳಿದಿಲ್ಲ.

ಇನ್ನು ಬೇರೆ ವಿಷಯ. ನಾನು ಹೇಳುವಷ್ಟು ತಿಳಿದವಳಲ್ಲ, ಆದರೂ ಕೇಳು. ಮಳೆ ನೀರು ಹಿಡಿ. ಸಾವಿರ ಚದರಡಿ ಸೂರಿನ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೂ ಸುಮಾರು 55,000 ಲೀಟರ್ ಆಗುತ್ತೆ. ಸೋರಿ ಹರಿದು ಹೋದದ್ದು ಬಿಟ್ಟು 40,000 ಅಂತಿಟ್ಟುಕೋ. ಒಬ್ಬಳಿಗೆ ಕುಡಿಯೋಕೆ, ಅಡುಗೆಗೆ ದಿನಕ್ಕೆ ಹತ್ತು ಲೀಟರ್ ಆದರೆ ವರ್ಷಕ್ಕೆ 3,650 ಲೀಟರ್. ಬಿಸಿಲು ಬೀಳದ ಹಾಗೆ ಮುಚ್ಚಿದ ಐದು ಸಾವಿರ ಲೀಟರಿನ ಸಂಪು ಸಾಕು. ಮೊದಲ ಮಳೆಯನ್ನು ಹೊರಗೆ ಬಿಡಬೇಕು ಅಷ್ಟೆ. ದೊಡ್ಡ ಸಂಪೇ ಕಟ್ಟಿಸಿದರೆ, ನೀರು ನಿಂತ ದಿನ ನಾಲ್ಕು ಮನೆಗೆ ಕೊಡೋಳು ನೀನೇ ಆಗಬಹುದು. ಬೋರ್ ನೀರನ್ನು ಮಾತ್ರ ಪರೀಕ್ಷೆ ಮಾಡಿಸದೆ ಕುಡಿಯಬೇಡ. ಪಾವಗಡದ ನನ್ನ ಶಾಲೆಯ ಮಕ್ಕಳ ಹಲ್ಲಿನ ಮೇಲೆಲ್ಲ ಕಂದು ಗೆರೆ, ಫ್ಲೋರೈಡಿನದ್ದು. ಮಧುಗಿರಿ ಕಡೆಯೂ ಅದಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿರಬಾರದು. ಕಾಯಿಸಿದರೆ ಹೋಗುತ್ತೆ ಅನ್ನುತ್ತಾರೆ, ಹೋಗಲ್ಲ.

ಫಾರ್ಮ್ ಪ್ಲಾಟ್ ಅಂತ ಬೇಲಿ ಹಾಕಿ ಗುಂಟೆ ಲೆಕ್ಕದಲ್ಲಿ ಮಾರುತ್ತಾರಲ್ಲ, ಅದು ನನಗೆ ಸರಿ ಕಾಣುತ್ತಿಲ್ಲ. ಎಲ್ಲರಿಗೂ ಸೇರಿ ಒಂದೇ ಬೋರ್ ಇರುತ್ತೆ, ವಾರದ ದಿನ ಅಕ್ಕಪಕ್ಕ ಒಂದು ನರಪಿಳ್ಳೆ ಇರಲ್ಲ. ನೀರು ನಿಂತರೆ ಯಾರ ಬಾಗಿಲು ತಟ್ಟುತ್ತೀಯ? ಊರೊಳಗೇ, ಗ್ರಾಮಠಾಣಾದಲ್ಲೇ, ಹಳೇ ಚಪ್ಪಡಿ ಮನೆ ಹುಡುಕು. ಪಟ್ಟಣಕ್ಕೆ ಹೋದವರ ಎಷ್ಟೋ ಮನೆಗೆ ಬೀಗ ಬಿದ್ದಿರುತ್ತೆ. ಕೊಳ್ಳುವ ಮೊದಲು ಒಂದು ವರ್ಷ ಬಾಡಿಗೆಗೋ ಭೋಗ್ಯಕ್ಕೋ ಇರು, ಒಂದು ಬೇಸಿಗೆ ಪೂರ್ತಿ ಕಳೆಯಲಿ. ಕೊಂಡರೆ ಪಂಚಾಯ್ತಿಯ ಇ-ಸ್ವತ್ತಿನಲ್ಲಿ ಆ ಮನೆಯ ದಾಖಲೆ, ನಮೂನೆ 9, 11 ಬರುತ್ತಾ ನೋಡು. ಜಮೀನೇ ಬೇಕು ಅಂದರೆ, 2020ರಿಂದ ರೈತರಲ್ಲದವರೂ ಕೊಳ್ಳಬಹುದು ಅಂತ ಆಗಿದೆ, ಆದರೆ ಮನೆ ಕಟ್ಟೋಕೆ ಅದು ಕೃಷಿ ಜಮೀನಿನಿಂದ ಕನ್ವರ್ಷನ್ ಆಗಬೇಕು. ದಿಶಾಂಕ್ ಆ್ಯಪಲ್ಲಿ ಸರ್ವೆ ನಂಬರ್ ನೋಡಿದರೆ ಗೋಮಾಳವೋ ಕೆರೆಯ ಜಾಗವೋ ಅಂತ ಸುಳಿವು ಸಿಗುತ್ತೆ. ಇನ್ನೊಂದನ್ನು ಒತ್ತಿ ಹೇಳುತ್ತೇನೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಅಗ್ಗಕ್ಕೆ ಬರುತ್ತೆ ಅಂತ ಯಾರಾದರೂ ತೋರಿಸಿದರೆ ಮೂಲ ಯಾರದ್ದು ಅಂತ ಪಹಣಿ, ಮ್ಯುಟೇಶನ್ ಹಿಂದಕ್ಕೆ ಹಿಂದಕ್ಕೆ ತೆಗೆಸು. ಅವರ ಬಾಯಿಂದ ಕಿತ್ತ ತುತ್ತು ನಮಗೆ ಬೇಡ.

ಚಿರತೆ, ಕರಡಿ ಅಂತ ನಿಮ್ಮಮ್ಮ ಹೆದರಿಸುತ್ತಿರಬೇಕು. ಇವೆ. ಕತ್ತಲಾದ ಮೇಲೆ ಒಬ್ಬಳೇ ಓಡಾಡಬೇಡ, ಅಷ್ಟೆ.

ನನ್ನ ಬುದ್ಧಿ ಮತ್ತೆ ನಿನ್ನ ಆ ಸಾಲಿಗೇ ಹೋಗುತ್ತೆ. ಹೊರಗಿನವಳು ಅಂತ ಬರೆದುಕೊಂಡಿದ್ದೀಯ. ಮೊದಲ ಆರು ತಿಂಗಳು ಹೌದು. ಆಮೇಲೆ ಒಂದು ಮನೆಯ ಬಾಣಂತನಕ್ಕೋ ಸಾವಿಗೋ ನೀನು ಹೋಗಿರುತ್ತೀಯ, ಅವರ ಮಗುವಿಗೆ ಲೆಕ್ಕ ಹೇಳಿಕೊಟ್ಟಿರುತ್ತೀಯ, ಹೋಗೋ ಬರೋ ಲೆಕ್ಕ ಶುರುವಾಗಿರುತ್ತೆ. ಕಾಲೋನಿಗೂ ಹೋಗು, ಮೊದಲ ವಾರದಲ್ಲೇ ಹೋಗು, ಅಲ್ಲಿ ಕೂತು ನೀರು ಕೇಳಿ ಕುಡಿ. ಊರು ನೋಡುತ್ತಿರುತ್ತೆ, ನೋಡಲಿ. ಅದಕ್ಕೆ ಯಾರಾದರೂ ನಿನಗೆ ಮುಖ ತಿರುಗಿಸಿದರೆ, ಬಾಡಿಗೆ ಮನೆ ತಾನೆ, ಬೇರೆ ಊರು ನೋಡೋಣ. ಬೇಸಿಗೆ ಕಳೆಯುವವರೆಗೆ ಕೊಳ್ಳಬೇಡ ಅಂತ ನಾನು ಗೋಗರೆಯುವುದು ಇದಕ್ಕೇ.

ಯುಗಾದಿ ಆದ ಮೇಲೆ ಬಾ, ಬಿಸಿಲು ಏರಿದಾಗಲೇ ನೋಡಬೇಕು. ಊರ್ಡಿಗೆರೆ ಕಡೆಗೆ ನಾನೂ ಬರುತ್ತೇನೆ, ಮಂಡಿ ನೋವು ಅಂತ ಬೇಡ ಅನ್ನಬೇಡ. ನೀರಿನ ಮಾದರಿ ತುಂಬಲು ಎರಡು ಶುದ್ಧವಾದ ಬಾಟಲಿ ತಾ. ಆ ಶನಿವಾರ ಇಲ್ಲೇ ಉಳಿದುಕೋ, ಸಂಜೆಯ ನೀರು ನೋಡಿಯೇ ವಾಪಸ್ ಬರೋಣ.

ಇಂತಿ,
ನಿನ್ನ ಅತ್ತೆ