ಹೀಟರ್ ಮಾರಾಟದ ಹೊಸ ಕ್ರಮದ ಬಗ್ಗೆ ನಮ್ಮ ಗ್ರಾಹಕರಿಗೆ

ಕಲಬುರಗಿ

ಮಾನ್ಯ ಗ್ರಾಹಕರಿಗೆ ನಮಸ್ಕಾರಗಳು.

ಈ ದೀಪಾವಳಿಯಿಂದ ನಮ್ಮ ಅಂಗಡಿಯಲ್ಲಿ ಮೀನಿನ ತೊಟ್ಟಿಯ ಅಳತೆಯನ್ನು ಕೇಳಿ ತಿಳಿಯದೆ ಯಾರಿಗೂ ಹೀಟರ್ ಕೊಡುವುದಿಲ್ಲ. ಅಳತೆಗೆ ಮೀರಿದ ವ್ಯಾಟಿನ ಹೀಟರನ್ನು ಕೇಳಿದರೂ ಕೊಡುವುದಿಲ್ಲ. ಮನೆಯಲ್ಲಿ ಥರ್ಮಾಮೀಟರ್ ಇಲ್ಲದವರು ಹೀಟರಿನ ಜೊತೆಗೆ ಅದನ್ನೂ ಕೊಳ್ಳಬೇಕಾಗುತ್ತದೆ.

ಕಳೆದ ಚಳಿಗಾಲದಲ್ಲಿ ನಾವೇ ಮಾಡಿದ ತಪ್ಪು ಇದಕ್ಕೆ ಕಾರಣ. ಅಂಗಡಿಯ ಎರಡು ಅಡಿ ಉದ್ದದ ತೊಟ್ಟಿಯಲ್ಲಿ ಸುಮಾರು 50 ಲೀಟರ್ ನೀರಿತ್ತು. ಬೇಗ ಬಿಸಿಯಾಗಲೆಂದು ಅದಕ್ಕೆ 200 ವ್ಯಾಟಿನ ಹೀಟರ್ ಹಾಕಿದ್ದೆವು. ಒಂದು ರಾತ್ರಿ ಅದರ ಥರ್ಮೋಸ್ಟಾಟಿನ (ನೀರು ಬೇಕಾದಷ್ಟು ಬಿಸಿಯಾದೊಡನೆ ವಿದ್ಯುತ್ತು ಕಡಿಯುವ ಭಾಗದ) ಒಳಗಿನ ಸಂಪರ್ಕ ಅಂಟಿಕೊಂಡು, ನೀರು ಬಿಸಿಯಾದರೂ ವಿದ್ಯುತ್ತು ಕಡಿಯಲಿಲ್ಲ. ಬೆಳಿಗ್ಗೆ ಬಾಗಿಲು ತೆರೆದಾಗ ಒಂದು ಮೀನೂ ಉಳಿದಿರಲಿಲ್ಲ. ಲೆಕ್ಕ ಹಾಕಿ ನೋಡಿದರೆ, ಅಷ್ಟು ನೀರನ್ನು 200 ವ್ಯಾಟಿನ ಹೀಟರ್ ಗಂಟೆಗೆ ಮೂರು ಡಿಗ್ರಿಗೂ ಹೆಚ್ಚು ಏರಿಸಬಲ್ಲದು, 50 ವ್ಯಾಟಿನದು ಒಂದು ಡಿಗ್ರಿಯಷ್ಟೂ ಏರಿಸಲಾರದು. ಥರ್ಮೋಸ್ಟಾಟ್ ಯಾವ ಹೀಟರಿನಲ್ಲಾದರೂ ಕೆಡಬಹುದು, ಆದರೆ ಸಣ್ಣ ಹೀಟರ್ ಕೆಟ್ಟಾಗ ಶಾಖವು ಕೋಣೆಯ ಚಳಿಗೆ ಸೋರುತ್ತಿರುವುದರಿಂದ, ನಾವು ಗಮನಿಸುವಷ್ಟು ಹೊತ್ತು ಸಿಗುತ್ತದೆ. ನಮ್ಮ ಊರಿನ ಚಳಿಗೆ ಲೀಟರಿಗೆ ಒಂದು ವ್ಯಾಟ್ ಸಾಕು. ಗಪ್ಪಿ, ಮೋಲಿ ಮೀನುಗಳಿಗೆ 24ರಿಂದ 28 ಡಿಗ್ರಿ ಹಿತ. ಗೋಲ್ಡ್‌ಫಿಶ್ ಮಾತ್ರ ಸಾಕಿದವರಿಗೆ, ನಮ್ಮ ವ್ಯಾಪಾರ ತಪ್ಪಿದರೂ ಸರಿ, ಹೀಟರ್ ಬೇಡವೆಂದೇ ಹೇಳುತ್ತೇವೆ.

ನೀರು ಬದಲಿಸುವಾಗ ಆಗುವ ಅವಘಡಗಳ ಬಗ್ಗೆಯೂ ಹೇಳಲೇಬೇಕು. ಹೀಟರ್ ಉರಿಯುತ್ತಿರುವಾಗಲೇ ನೀರಿನ ಮಟ್ಟ ಇಳಿದರೆ ಗಾಳಿಗೆ ತೆರೆದುಕೊಂಡ ಗಾಜು ಮಿತಿಮೀರಿ ಕಾಯುತ್ತದೆ, ಅದರ ಮೇಲೆ ತಣ್ಣೀರು ಬಿದ್ದೊಡನೆ ಸೀಳುತ್ತದೆ, ಸೀಳಿದ ಹೀಟರಿನಿಂದ 230 ವೋಲ್ಟಿನ ವಿದ್ಯುತ್ತು ನೇರವಾಗಿ ನೀರಿಗೆ ಇಳಿಯಬಹುದು. ಆದ್ದರಿಂದ ಮೊದಲು ಪ್ಲಗ್ ಕಿತ್ತು, 20 ನಿಮಿಷ ಹೀಟರನ್ನು ನೀರಿನಲ್ಲಿಯೇ ಆರಲು ಬಿಟ್ಟು, ಆಮೇಲೆ ತೊಟ್ಟಿಗೆ ಕೈ ಹಾಕಬೇಕು. ಗಾಜು ಒಡೆದದ್ದು ಕಂಡರೆ ನೀರನ್ನು ಮುಟ್ಟದೆ ಮನೆಯ ಮೇನ್ ಸ್ವಿಚ್ ಆರಿಸಬೇಕು. ವೈರು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದಿದ್ದರೆ ಅದರ ಮೇಲೆ ಹರಿದು ಬಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತದೆಯೇ ಹೊರತು ಪ್ಲಗ್ಗಿಗೆ ಹೋಗುವುದಿಲ್ಲ. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ತು ಸೋರಿದೊಡನೆ ತಾನಾಗಿ ಕಡಿಯುವ ಸ್ವಿಚ್) ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು.

ಶಹಾಬಾದ್ ಸುಣ್ಣಗಲ್ಲಿನ ಈ ಸೀಮೆಯಲ್ಲಿ ಬೋರಿನ ನೀರು ಗಡಸು. ಕೆಲವೇ ತಿಂಗಳಲ್ಲಿ ಹೀಟರಿನ ಗಾಜಿಗೆ ಸುಣ್ಣದ ಬಿಳಿ ಪದರ ಕಟ್ಟುತ್ತದೆ, ಅದರಿಂದ ಶಾಖ ನೀರಿಗೆ ಸರಿಯಾಗಿ ಹರಿಯದೆ ಗಾಜೇ ಕಾಯುತ್ತದೆ. ಪೂರ್ತಿ ಆರಿದ ಹೀಟರನ್ನು ಹೊರತೆಗೆದು ನಿಂಬೆರಸದಲ್ಲಿ ನೆನೆಸಿದ ಬಟ್ಟೆಯಿಂದ ಉಜ್ಜಿದರೆ ಪದರ ಬಿಡುತ್ತದೆ. ಚಾಕುವಿನಿಂದ ಕೆರೆಯಬಾರದು.

ಕಳೆದ ವರ್ಷ ನಮ್ಮಲ್ಲಿಯೇ ದೊಡ್ಡ ಹೀಟರ್ ಕೊಂಡವರು ಎಳ್ಳ ಅಮಾವಾಸ್ಯೆಯೊಳಗೆ ರಸೀದಿಯೊಂದಿಗೆ ಬಂದರೆ ತೊಟ್ಟಿಗೆ ತಕ್ಕ ಚಿಕ್ಕ ಹೀಟರನ್ನು ಕೊಟ್ಟು, ಬೆಲೆಯ ವ್ಯತ್ಯಾಸವನ್ನೂ ಮರಳಿಸುತ್ತೇವೆ. ಸೇಡಂ, ಆಳಂದದಂಥ ಊರುಗಳಿಂದ ಬಸ್ಸಿನಲ್ಲಿ ಬರುವವರು ಹೀಟರನ್ನು ದಪ್ಪ ಬಟ್ಟೆಯಲ್ಲಿ ಸುತ್ತಿಕೊಂಡು, ತೊಟ್ಟಿಯ ಉದ್ದ, ಅಗಲ, ಎತ್ತರಗಳನ್ನು ಚೀಟಿಯಲ್ಲಿ ಬರೆದು ತರಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿಗಳು,
ಅಂಗಡಿಯ ಪಾಲುದಾರರು