ಹೊಟ್ಟೆಯ ಗೋಡೆಯನ್ನು ಮರಳಿ ಕಟ್ಟಿಕೊಟ್ಟವರಿಗೆ

ನನ್ನ ದೊಡ್ಡ ಹರ್ನಿಯಾದ ಶಸ್ತ್ರಚಿಕಿತ್ಸೆಯಾಗಿ ಈ ತಿಂಗಳಿಗೆ ವರ್ಷ ತುಂಬಿತು. ಮೊನ್ನೆಯ ತಪಾಸಣೆಯಲ್ಲಿ ಹೊಟ್ಟೆ ಭದ್ರವಾಗಿದೆ ಎಂದು ವೈದ್ಯರು ಹೇಳಿದ ಮೇಲೆ, ಇದಕ್ಕೆ ಕಾರಣರಾದವರಿಗೆ ನಾಲ್ಕು ಜನರ ಮುಂದೆ ವಂದನೆ ಸಲ್ಲಿಸದಿದ್ದರೆ ತಪ್ಪಾಗುತ್ತದೆ ಎನಿಸಿತು.

ಹಿಂದೊಮ್ಮೆ ಕರುಳು ತೂತಾಗಿ ತುರ್ತಾಗಿ ಹೊಟ್ಟೆ ತೆರೆದಾಗ ಜೀವವೇನೋ ಉಳಿಯಿತು. ಆದರೆ ಆ ಗಾಯಕ್ಕೆ ಸೋಂಕು ತಗುಲಿ, ನಡುವಿನ ಹೊಲಿಗೆ ಒಳಗೊಳಗೇ ಬಿಟ್ಟುಕೊಂಡು, ಕ್ರಮೇಣ ಕರುಳಿನ ಬಹುಭಾಗ ಚರ್ಮದ ಕೆಳಗೇ ಬಂದು ಕೂತಿತ್ತು. ಸ್ನಾಯುಗಳ ನಡುವಿನ ಅಂತರ 10 ಸೆಂ.ಮೀ. ದಾಟಿತ್ತು. ಇಷ್ಟು ಅಗಲದ ಕಿಂಡಿಯನ್ನು ಎಳೆದು ಹೊಲಿದರೆ ಹೊಲಿಗೆ ನಿಲ್ಲದು, ಬಲವಂತದಿಂದ ಮುಚ್ಚಿದರೆ ಹೊಟ್ಟೆಯೊಳಗಿನ ಒತ್ತಡ ಏರಿ ಉಸಿರಾಟಕ್ಕೂ ಮೂತ್ರಪಿಂಡಕ್ಕೂ ಸಂಚಕಾರ ಬರುತ್ತದೆ ಎಂಬುದನ್ನು ನಮ್ಮ ಸರ್ಜನ್ ಸ್ಕ್ಯಾನ್ ಕವರಿನ ಹಿಂಬದಿಯಲ್ಲೇ ಚಿತ್ರ ಬರೆದು ವಿವರಿಸಿದರು. ಸಕ್ಕರೆ ಹತೋಟಿಗೆ ಬಂದು ತೂಕ ಇಳಿಯುವವರೆಗೆ ದಿನಾಂಕ ಕೊಡಲಾರೆ ಎಂದು ಅವರು ಹಟ ಹಿಡಿದಿದ್ದಕ್ಕೆ ನನ್ನ ಮೊದಲ ನಮಸ್ಕಾರ.

ಶಸ್ತ್ರಚಿಕಿತ್ಸೆಗೆ ಸುಮಾರು 4 ವಾರ ಮುಂಚೆ, ಅಲ್ಟ್ರಾಸೌಂಡ್ ಪರದೆಯನ್ನು ನೋಡುತ್ತ, ಎರಡೂ ಪಕ್ಕೆಗಳ ಸ್ನಾಯುಗಳಿಗೆ ಬೊಟಾಕ್ಸ್ ಚುಚ್ಚಿದರು. ಅದು ಸಿನಿಮಾ ನಟಿಯರ ಮುಖದ ಸುಕ್ಕಿಗೆ ಮಾತ್ರ ಎಂದುಕೊಂಡಿದ್ದ ನಮ್ಮ ಅತ್ತಿಗೆಯವರಿಗೆ ನಗು ತಡೆಯಲಾಗಲಿಲ್ಲ. ಬಿಗಿದು ಹಿಂದೆ ಸರಿದಿದ್ದ ಸ್ನಾಯುಗಳು ಸಡಿಲಗೊಂಡು, ನಡುವಿಗೆ ಎಳೆದಾಗ ಬರುವಂತಾಗಲಿ ಎಂಬುದು ಅದರ ಉದ್ದೇಶ.

ನನಗೆ ಮಾಡಿದ್ದು ವೈದ್ಯರು ‘ಟಾರ್’ (ಹೊಟ್ಟೆಯ ಅಡ್ಡ ಸ್ನಾಯುವನ್ನು ಬಿಡಿಸುವುದು ಎಂಬರ್ಥದ ಇಂಗ್ಲಿಷ್ ಹೆಸರಿನ ಹ್ರಸ್ವರೂಪ) ಎಂದು ಕರೆಯುವ ವಿಧಾನ. ಸ್ನಾಯುಪದರಗಳನ್ನು ಒಂದರಿಂದೊಂದು ಬಿಡಿಸಿ ಹೊಟ್ಟೆಯ ಗೋಡೆಯನ್ನು ಅಗಲಗೊಳಿಸಬಹುದೆಂದು ಸರ್ಜನ್ ರಾಮಿರೆಜ್ ಮತ್ತು ಸಂಗಡಿಗರು 1990ರಲ್ಲಿ ತೋರಿಸಿದರು; ಅವರು ಬಿಡಿಸಿದ್ದು ಹೊರಗಿನ ಓರೆ ಸ್ನಾಯುವನ್ನು. ಅದಕ್ಕೆ ಚರ್ಮವನ್ನು ದೂರದವರೆಗೆ ಎಬ್ಬಿಸಬೇಕಾಗುತ್ತಿದ್ದುದರಿಂದ ಗಾಯ ಮಾಯುವುದು ಕಷ್ಟವಾಗುತ್ತಿತ್ತು. ಸರ್ಜನ್ ನೊವಿಟ್ಸ್ಕಿ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಈ ಟಾರ್ ವಿಧಾನದಲ್ಲಿ ಹಿಂದಿನಿಂದ ಹೋಗಿ, ಅತ್ಯಂತ ಒಳಗಿನ ಅಡ್ಡ ಸ್ನಾಯುವನ್ನು ಮಾತ್ರ ಕತ್ತರಿಸಿ, ನಡುವಿನ ಉದ್ದ ಸ್ನಾಯುವಿಗೆ ಬರುವ ನರಗಳನ್ನು ಉಳಿಸಿಕೊಳ್ಳುತ್ತಾರೆ. ಹೀಗೆ ದೊರೆತ ಜಾಗದಲ್ಲಿ, ಫ್ರಾನ್ಸಿನ ಸರ್ಜನ್‌ಗಳಾದ ರೀವ್ ಮತ್ತು ಸ್ತೊಪ್ಪಾ ಹಾಕಿಕೊಟ್ಟ ದಾರಿಯಂತೆ, ಸ್ನಾಯುವಿನ ಹಿಂದೆ ಅಗಲವಾದ ಪಾಲಿಪ್ರೊಪಿಲೀನ್ ಮೆಶ್ (ಪ್ಲಾಸ್ಟಿಕ್ ಎಳೆಯ ಬಲೆ) ಹಾಸುತ್ತಾರೆ. ಕೆಳಗಿನ ಪೊರೆಯನ್ನು ಮೊದಲೇ ಹೊಲಿದಿರುವುದರಿಂದ ಕರುಳು ಮೆಶ್‌ಗೆ ತಾಗುವುದಿಲ್ಲ. ಹೊಟ್ಟೆಯ ಒತ್ತಡವೇ ಮೆಶ್ಅನ್ನು ಸ್ನಾಯುವಿಗೆ ಒತ್ತಿ ಹಿಡಿಯುತ್ತದೆ. ನಾನು ಕಂಡರಿಯದ ಈ ಮಹನೀಯರಿಗೂ ನನ್ನ ಋಣವಿದೆ.

ಎಪಿಡ್ಯೂರಲ್ (ಬೆನ್ನಿನ ಮೂಲಕ ಕೊಡುವ ನೋವಿನ ಮದ್ದು) ಕೊಟ್ಟು ನೋವನ್ನು ಹತೋಟಿಯಲ್ಲಿಟ್ಟ ಅರಿವಳಿಕೆ ತಜ್ಞರಿಗೆ, ಗಾಯದ ದ್ರವವನ್ನು ಹೊರಹರಿಸುವ ಡ್ರೇನ್ ನಳಿಕೆಗಳ ಲೆಕ್ಕವನ್ನು ರಾತ್ರಿಯಿಡೀ ಬರೆದಿಟ್ಟ ಶುಶ್ರೂಷಕಿಯರಿಗೆ, ಉಸಿರೆಳೆದು ಗುಂಡುಗಳನ್ನು ಏಳಿಸುವ ಸ್ಪೈರೋಮೀಟರಿನ ಮೂರನೆಯ ಗುಂಡು ಏಳುವವರೆಗೂ ಬಿಡದ ಫಿಸಿಯೋಥೆರಪಿಸ್ಟ್ ಹುಡುಗನಿಗೆ ಕೃತಜ್ಞನಾಗಿದ್ದೇನೆ. ಕೆಮ್ಮು ಬಂದಾಗ ದಿಂಬನ್ನು ಹೊಟ್ಟೆಗೆ ಅವುಚಿಕೊಳ್ಳಬೇಕು, ಮಗ್ಗುಲಾಗಿಯೇ ಹಾಸಿಗೆಯಿಂದ ಏಳಬೇಕು ಎಂದು ಕಲಿಸಿದವರು ವಾರ್ಡಿನ ಆಯಮ್ಮ. ಔಷಧದಷ್ಟೇ ಉಪಕಾರ ಅದರಿಂದ ಆಯಿತೆಂದರೆ ಅತಿಶಯೋಕ್ತಿಯಲ್ಲ.

ತಿಂಗಳುಗಟ್ಟಲೆ ಬಿಂದಿಗೆ, ಸಿಲಿಂಡರ್ ಯಾವುದನ್ನೂ ನನ್ನ ಕೈಗೆ ಕೊಡದೆ, ಪ್ರತಿದಿನ ಬೆಳಿಗ್ಗೆ ಹೊಟ್ಟೆಗೆ ಆಧಾರದ ಬೆಲ್ಟ್ ಸರಿಯಾಗಿ ಕಟ್ಟಿದ ನನ್ನ ಹೆಂಡತಿಗೂ, ಆಸ್ಪತ್ರೆಯ ಊಟ ಸೇರದಿದ್ದಾಗ ಗಂಜಿ ತಂದುಕೊಟ್ಟ ಅತ್ತಿಗೆಯವರಿಗೂ ವಂದನೆಗಳು. ಬೆಲ್ಟ್ ಈಗ ಬೇಕಿಲ್ಲವೆಂದು ಸರ್ಜನ್ ಹೇಳಿದ್ದಾರೆ. ಭಾರ ಎತ್ತುವ ವಿಷಯದಲ್ಲಿ ಮಾತ್ರ ಮನೆಯಲ್ಲಿ ಇನ್ನೂ ಅನುಮತಿ ಸಿಕ್ಕಿಲ್ಲ.